ಕೆಂಪು ನಕ್ಷತ್ರ ಮತ್ತು ಅದರ ಬೆನ್ನಿಗಿರುವ ‘ಆದರೆ’

ಅಂತರ್ಜಾಲದಲ್ಲಿ ಅರ್ಜಿ ತುಂಬಿದವರಿಗೆಲ್ಲ ಗೊತ್ತಿರುವ ಒಂದು ಗುರುತಿದೆ. ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟದೊಂದು ಕೆಂಪು ನಕ್ಷತ್ರ. ಇದನ್ನು ತುಂಬದೆ ಮುಂದೆ ಹೋಗುವ ಹಾಗಿಲ್ಲ ಅಂತ ಅದರ ಅರ್ಥ. ಪಾಸ್‌ಪೋರ್ಟಿಗೂ ಅದೇ, ಬ್ಯಾಂಕಿಗೂ ಅದೇ, ಮಗುವಿನ ಶಾಲೆಯ ಅಡ್ಮಿಷನ್ನಿಗೂ ಅದೇ. ಈ ನಕ್ಷತ್ರವನ್ನು ಪುಟದ ಮೇಲೆ ಕೂರಿಸುವುದು ನನ್ನ ಹೊಟ್ಟೆಪಾಡು. ಮಲೆನಾಡು ಬಿಟ್ಟು ವಿಶಾಖಪಟ್ಟಣದ ಮಧುರವಾಡದಲ್ಲಿ ನೆಲೆಸಿ ಹದಿನೆಂಟು ವರ್ಷ ಮೀರಿತು. ಋಷಿಕೊಂಡದ ಗುಡ್ಡದ ಮೇಲಿನ ಆಫೀಸು, ಕಿಟಕಿಯಾಚೆ ಸಮುದ್ರ, ಕಂಪ್ಯೂಟರಿನೊಳಗೆ ಮಾತ್ರ ಬರೀ ಅರ್ಜಿಗಳು!

ಊರಿಗೆ ಹೋದಾಗ ‘ನೀನು ಅಲ್ಲಿ ಮಾಡೋ ಕೆಲಸ ಏನಪ್ಪಾ?’ ಅಂತ ಕೇಳುತ್ತಾರೆ. ‘ಅರ್ಜಿ ಸರಿಯಾಗಿ ತುಂಬಿದ್ದಾರೋ ಇಲ್ಲವೋ ನೋಡುವ ಕೆಲಸ’ ಅಂದರೆ, ‘ಅಂದರೆ ತಾಲ್ಲೂಕು ಆಫೀಸಿನ ಗುಮಾಸ್ತ’ ಅಂತ ನಗುತ್ತಾರೆ. ನಗಲಿ ಬಿಡಿ, ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಗುಮಾಸ್ತನ ಕೆಲಸ ಯಂತ್ರದ ಕೈಗೆ ಹೇಗೆ ಬಂತು, ಬರುವ ದಾರಿಯಲ್ಲಿ ಏನು ಕಳೆದುಹೋಯಿತು, ಅದನ್ನು ಮತ್ತೆ ಹೇಗೆ ಹುಡುಕಿಕೊಂಡೆವು ಅನ್ನುವುದೇ ಇಲ್ಲಿನ ಕಥೆ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇದು ಇನ್ನಷ್ಟು ಹತ್ತಿರದ ಕಥೆ. ಎರಡು ವಿಳಾಸ, ಎರಡು ರಾಜ್ಯ, ಅರ್ಧಂಬರ್ಧ ಸರ್‌ನೇಮು ಇರುವವರು ನಾವೇ ತಾನೆ?

ಮೊದಲು ಕಾಗದದ ಕಾಲ. ಹಳೆಯ ಅರ್ಜಿಗಳಲ್ಲಿ ನಕ್ಷತ್ರ ಇರಲಿಲ್ಲ, ವಾಕ್ಯಗಳಿದ್ದವು. ‘ವಿವಾಹಿತರಾಗಿದ್ದಲ್ಲಿ ಗಂಡನ ಹೆಸರು’, ‘ಅನ್ವಯಿಸದಿದ್ದನ್ನು ಹೊಡೆದುಹಾಕಿ’, ‘ಮೇಲಿನಂತೆಯೇ ಆಗಿದ್ದಲ್ಲಿ ಮತ್ತೆ ಬರೆಯಬೇಕಾಗಿಲ್ಲ’. ಅಂದರೆ ನಿಯಮದ ಜೊತೆಗೇ ‘ಆದಲ್ಲಿ’, ‘ಇದ್ದಲ್ಲಿ’, ‘ಇಲ್ಲದಿದ್ದಲ್ಲಿ’ ಎಂಬ ಷರತ್ತೂ ಇತ್ತು. ಅರ್ಜಿಯಲ್ಲಿ ಹೇಳದೆ ಬಿಟ್ಟ ಷರತ್ತುಗಳನ್ನು ಕೌಂಟರಿನ ಆಚೆ ಕೂತವನು ತೀರ್ಮಾನಿಸುತ್ತಿದ್ದ. ವಿಧವೆಯೊಬ್ಬಳು ಬಂದರೆ ಯಾವ ಸಾಲು ಬಿಡಬೇಕು ಅಂತ ಅವನಿಗೆ ಗೊತ್ತಿತ್ತು. ಯಾವ ಸಾಲಿಗೆ ಎಷ್ಟು ಕೈಬಿಸಿ ಮಾಡಬೇಕು ಅನ್ನುವುದೂ ಗೊತ್ತಿತ್ತು ಅನ್ನಿ! ವಿವೇಚನೆ ಮತ್ತು ಲಂಚ ಒಂದೇ ಕುರ್ಚಿಯಲ್ಲಿ ಕೂತಿದ್ದವು. ಹಾಗಾಗಿ ಆ ಕಾಲವನ್ನು ಚಿನ್ನದ ಕಾಲ ಅನ್ನಲು ನಾನು ತಯಾರಿಲ್ಲ.

ಯಂತ್ರ ಈ ಕೆಲಸಕ್ಕೆ ಕೈಹಾಕಿದ್ದು ಕಂಪ್ಯೂಟರಿಗಿಂತ ಎಷ್ಟೋ ಮೊದಲು. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹೊಲೆರಿತ್ ಎಂಬಾತ ತೂತು ಹೊಡೆದ ಕಾರ್ಡುಗಳ ಯಂತ್ರ ಕೊಟ್ಟ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಎಲ್ಲದಕ್ಕೂ ಒಂದೊಂದು ತೂತು. ಕಾರ್ಡನ್ನು ಒತ್ತಿದಾಗ ಸರಿಯಾಗಿ ಓದಿದರೆ ಗಂಟೆ ಬಾರಿಸುತ್ತಿತ್ತು. ಇರಲೇಬೇಕಾದ ತೂತು ಇಲ್ಲದಿದ್ದರೆ ಗಂಟೆ ಇಲ್ಲ. ಆ ಕಾರ್ಡನ್ನು ಪಕ್ಕಕ್ಕಿಟ್ಟು ಆಮೇಲೆ ಪರಿಶೀಲಿಸುತ್ತಿದ್ದರು. ನಮ್ಮ ಕೆಂಪು ನಕ್ಷತ್ರದ ಮುತ್ತಜ್ಜ ಇವನೇ. ಗಮನಿಸಿ, ಆ ಯಂತ್ರ ಕಾರ್ಡನ್ನು ತಡೆಯುತ್ತಿತ್ತೇ ಹೊರತು ಮನುಷ್ಯನನ್ನು ಮನೆಗೆ ಕಳಿಸುತ್ತಿರಲಿಲ್ಲ. ಗಣತಿಯವನು ಆಗಲೇ ಬರೆದುಕೊಂಡು ಹೋಗಿಯಾಗಿತ್ತು.

ನೂರು ವರ್ಷ ದಾಟಿ ಬರೋಣ. 1993ರ ಹೊತ್ತಿಗೆ ಮೊಸಾಯಿಕ್ ಬ್ರೌಸರಿನಲ್ಲಿ ಅರ್ಜಿ ತುಂಬುವ ಪುಟಗಳು ಕಾಣಿಸಿಕೊಂಡವು. 1995ರ ನವೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 2.0 ಅದನ್ನು ಶಿಷ್ಟವಾಗಿಸಿತು. ಆಗ ಅರ್ಜಿ ಸರಿಯಿದೆಯೋ ಇಲ್ಲವೋ ಅಂತ ನೋಡುತ್ತಿದ್ದುದು ದೂರದ ಸರ್ವರು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿದ್ದು ಅದೇ 1995ರ ಆಗಸ್ಟ್ 15ರಂದು. ಡಯಲ್‌ಅಪ್ಪಿನ ಕೀರಲು ಸದ್ದು ನೆನಪಿರುವವರಿಗೆ ಅರ್ಥವಾಗುತ್ತದೆ: ಇಪ್ಪತ್ತು ಸಾಲು ತುಂಬಿ ಕಳಿಸಿ, ನಿಮಿಷಗಟ್ಟಲೆ ಕಾದು, ‘ಪಿನ್ ಕೋಡ್ ಬಿಟ್ಟಿದ್ದೀರಿ’ ಎಂಬ ಉತ್ತರ ಬಂದರೆ ಹೇಗಿರಬೇಡ! ತುಂಬಿದ್ದೆಲ್ಲ ಅಳಿಸಿಹೋಗಿದ್ದರಂತೂ ಕೇಳಲೇಬೇಡಿ.

ಇದಕ್ಕೊಂದು ಪರಿಹಾರ ನೆಟ್‌ಸ್ಕೇಪ್ ಕಂಪನಿಯಿಂದ ಬಂತು. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಒಂದು ಪುಟ್ಟ ಭಾಷೆಯ ಮೊದಲ ರೂಪ ಹೊಸೆದ. ಆ ವರ್ಷದ ಡಿಸೆಂಬರಿನಲ್ಲಿ ಅದಕ್ಕೆ ಜಾವಾಸ್ಕ್ರಿಪ್ಟ್ ಎಂದು ಹೆಸರಾಯಿತು. ಇವತ್ತು ಅದರಲ್ಲಿ ಇಡೀ ಪ್ರಪಂಚವೇ ನಡೆಯುತ್ತಿದೆ, ಆದರೆ ಮೊದಲ ದಿನಗಳಲ್ಲಿ ಅದಕ್ಕೆ ಸಿಕ್ಕ ಮುಖ್ಯ ಕೂಲಿ ಅರ್ಜಿ ತಪಾಸಣೆಯೇ. ತಪ್ಪನ್ನು ಸರ್ವರಿಗೆ ಕಳಿಸುವ ಮೊದಲೇ, ನಿಮ್ಮ ಕಂಪ್ಯೂಟರಿನಲ್ಲೇ ಹಿಡಿದು ಹೇಳುವುದು. ಗುಮಾಸ್ತ ಕೌಂಟರ್ ಬಿಟ್ಟು ನಿಮ್ಮ ಮೇಜಿನ ಮೇಲೇ ಬಂದು ಕೂತ ಹಾಗೆ.

ಆದರೆ ಪ್ರತಿ ಪುಟಕ್ಕೂ ಈ ತಪಾಸಣೆಯನ್ನು ಹೊಸದಾಗಿ ಬರೆಯುವುದೆಂದರೆ ಸಾಮಾನ್ಯವೆ? ಒಂದು ಕಡೆ ಬರೆದದ್ದನ್ನು ನೂರು ಕಡೆ ನಕಲು ಮಾಡುತ್ತಿದ್ದೆವು. ಅಲ್ಲಿಗೆ ಬಂತು ‘ಕಂಟ್ರೋಲ್’ ಎಂಬ ಕಲ್ಪನೆ. ಇದನ್ನು ಅಚ್ಚು ಅಂದುಕೊಳ್ಳಿ. ಬೆಲ್ಲದ ಅಚ್ಚು ಇದ್ದರೆ ಪಾಕ ಹೊಯ್ದರಾಯಿತು, ಎಲ್ಲ ಉಂಡೆಯೂ ಒಂದೇ ಆಕಾರ. 1991ರ ವಿಶುವಲ್ ಬೇಸಿಕ್ಕಿನಲ್ಲಿ ವಿಂಡೋಸ್ ಪರದೆಗಳಿಗೆ ಇಂಥ ಅಚ್ಚುಗಳಿದ್ದವು. ವೆಬ್ ಪುಟಕ್ಕೂ ಅದನ್ನೇ ತರಬಾರದೇಕೆ ಅಂತ ಮೈಕ್ರೋಸಾಫ್ಟಿನ ಮಾರ್ಕ್ ಆಂಡರ್ಸ್ ಮತ್ತು ಸ್ಕಾಟ್ ಗತ್ರಿ 1997ರ ಕೊನೆಯಲ್ಲಿ ಯೋಚಿಸಿದರು. ಅದರ ಫಲವೇ 2002ರಲ್ಲಿ ಬಿಡುಗಡೆಯಾದ ಎಎಸ್‌ಪಿ ಡಾಟ್ ನೆಟ್. ನನ್ನ ವಯಸ್ಸಿನ ಬಹಳಷ್ಟು ಪ್ರೋಗ್ರಾಮರುಗಳ ಅನ್ನ ಅದರಲ್ಲೇ ಬೆಂದದ್ದು.

ಅದರಲ್ಲಿ ತಪಾಸಣೆಗೆಂದೇ ಸಿದ್ಧ ಅಚ್ಚುಗಳಿದ್ದವು. ಖಾಲಿ ಬಿಡಬಾರದು ಎನ್ನುವುದಕ್ಕೆ ಒಂದು, ಎರಡು ಪೆಟ್ಟಿಗೆ ಹೋಲಿಸುವುದಕ್ಕೆ ಒಂದು, ಸಂಖ್ಯೆ ಇಂತಿಷ್ಟರ ಒಳಗಿರಲಿ ಎನ್ನುವುದಕ್ಕೆ ಒಂದು, ಅಕ್ಷರಗಳ ವಿನ್ಯಾಸ ನೋಡುವುದಕ್ಕೆ ಇನ್ನೊಂದು, ಯಾವುದಕ್ಕೂ ಒಗ್ಗದ್ದನ್ನು ನಾವೇ ಬರೆದುಕೊಳ್ಳಲು ‘ಕಸ್ಟಮ್ ವ್ಯಾಲಿಡೇಟರ್’. ಇವನ್ನೆಲ್ಲ ಸೇರಿಸಿ ನಮ್ಮದೇ ದೊಡ್ಡ ಅಚ್ಚು ಮಾಡಿಕೊಳ್ಳಬಹುದಿತ್ತು. ಅದಕ್ಕೆ ‘ಯೂಸರ್ ಕಂಟ್ರೋಲ್’ ಅನ್ನುತ್ತಿದ್ದೆವು. ಎಲ್ಲರೂ ಮೊದಲು ಮಾಡುತ್ತಿದ್ದ ಅಚ್ಚು ವಿಳಾಸದ್ದು: ಮನೆ ನಂಬರು, ಬೀದಿ, ಊರು, ಜಿಲ್ಲೆ, ರಾಜ್ಯ, ಪಿನ್. ಒಮ್ಮೆ ಮಾಡಿದರೆ ಯಾವ ಪುಟಕ್ಕೆ ಬೇಕಾದರೂ ಅಂಟಿಸಬಹುದು.

ಸಮಸ್ಯೆ ಶುರುವಾಗಿದ್ದೇ ಅಲ್ಲಿ. ಒಂದೇ ಪುಟದಲ್ಲಿ ಆ ಅಚ್ಚನ್ನು ಎರಡು ಸಲ ಇಟ್ಟೆವು ಅಂದುಕೊಳ್ಳಿ, ‘ಖಾಯಂ ವಿಳಾಸ’ ಮತ್ತು ‘ಸದ್ಯದ ವಿಳಾಸ’. ನಡುವೆ ಒಂದು ಚೌಕ: ‘ಎರಡೂ ಒಂದೇ’. ಅದಕ್ಕೆ ಟಿಕ್ ಹಾಕಿದರೆ ಎರಡನೆಯ ವಿಳಾಸ ಮರೆಯಾಗುತ್ತದೆ. ಊರಲ್ಲೇ ಇರುವವನು ಟಿಕ್ ಹಾಕಿ ಗುಂಡಿ ಒತ್ತುತ್ತಾನೆ. ಏನೂ ಆಗುವುದಿಲ್ಲ! ಮತ್ತೆ ಒತ್ತುತ್ತಾನೆ. ಊಹೂಂ. ಯಾಕೆಂದರೆ ಮರೆಯಾದ ಪೆಟ್ಟಿಗೆಯ ನಕ್ಷತ್ರಕ್ಕೆ ತಾನು ಮರೆಯಾಗಿದ್ದೇನೆ ಅನ್ನುವುದೇ ಗೊತ್ತಿಲ್ಲ. ಅದು ಒಳಗೇ ಕೂತು ‘ಪಿನ್ ಕೋಡ್ ಎಲ್ಲಿ?’ ಅಂತ ಕೂಗುತ್ತಿದೆ, ಆ ಕೂಗೂ ಮರೆಯಲ್ಲೇ ಇದೆ. ಸರ್ವರಿನಲ್ಲೇ ಆ ಭಾಗವನ್ನು ತೆಗೆದುಹಾಕಿದ್ದರೆ ತಪಾಸಣೆಯೂ ಅದರ ಜೊತೆ ಹೋಗುತ್ತಿತ್ತು. ಬ್ರೌಸರಿನಲ್ಲಿ ಬರೀ ಪರದೆ ಎಳೆದರೆ ಹೋಗುತ್ತಿರಲಿಲ್ಲ. ಕಾಣಿಸುವುದು ಬೇರೆ, ಕಡ್ಡಾಯವಾಗುವುದು ಬೇರೆ ಅನ್ನುವ ಪಾಠವನ್ನು ಒಂದು ಪೀಳಿಗೆಯ ಪ್ರೋಗ್ರಾಮರುಗಳು ಹೀಗೆ ಕಲಿತರು.

2005ರ ನವೆಂಬರಿನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ‘ವ್ಯಾಲಿಡೇಷನ್ ಗ್ರೂಪ್’ ಎಂಬುದು ಸೇರಿತು. ಅಂದರೆ ಈ ಗುಂಡಿ ಒತ್ತಿದರೆ ಈ ಗುಂಪಿನ ನಕ್ಷತ್ರಗಳು ಮಾತ್ರ ಎದ್ದು ನಿಲ್ಲಲಿ, ಉಳಿದವು ಸುಮ್ಮನಿರಲಿ ಅಂತ. ಒಳ್ಳೆಯ ವಿಚಾರ. ಆದರೆ ಗುಂಪಿನ ಹೆಸರನ್ನು ಅಚ್ಚಿನ ಒಳಗೇ ಕೊರೆದುಬಿಟ್ಟರೆ ಎರಡು ವಿಳಾಸಗಳೂ ಒಂದೇ ಗುಂಪಿಗೆ ಸೇರಿ ಮತ್ತೆ ಅದೇ ಹಾಡು. ಹೊರಗಿನ ಪುಟ ಹೇಳಬೇಕು: ‘ನೋಡಪ್ಪಾ, ನಿನ್ನನ್ನು ಇಲ್ಲಿ ಇಟ್ಟಿದ್ದೇನೆ, ನಿನ್ನ ಗುಂಪು ಇದು, ಇಂಥ ಸಂದರ್ಭದಲ್ಲಿ ಮಾತ್ರ ನೀನು ಹಟ ಮಾಡು.’ ಅಚ್ಚು ಆ ಮಾತು ಕೇಳಿಸಿಕೊಂಡು ತನ್ನೊಳಗಿನ ಎಲ್ಲ ನಕ್ಷತ್ರಗಳಿಗೂ ದಾಟಿಸಬೇಕು. ಬಾಡಿಗೆ ಮನೆಗೆ ಬಂದವನು ಆ ಮನೆಯ ಪದ್ಧತಿ ಕೇಳಿ ನಡೆದುಕೊಳ್ಳುವ ಹಾಗೆ. ನಾವು ವಲಸಿಗರಿಗೆ ಇದು ಬೇಗ ಅರ್ಥವಾಗುತ್ತದೆ.

ಇದು ಮೈಕ್ರೋಸಾಫ್ಟಿನದೊಂದೇ ಕಥೆಯಲ್ಲ. 2003ರ ಅಕ್ಟೋಬರಿನಲ್ಲಿ ಡಬ್ಲ್ಯೂ3ಸಿ ಸಂಸ್ಥೆ ಎಕ್ಸ್‌ಫಾರ್ಮ್ಸ್ ಎಂಬ ಶಿಷ್ಟತೆ ಹೊರಡಿಸಿತು. ಅದರಲ್ಲಿ ‘ಪ್ರಸ್ತುತವೇ?’ ಎಂಬುದೊಂದು ಪ್ರಶ್ನೆ, ‘ಕಡ್ಡಾಯವೇ?’ ಎಂಬುದು ಇನ್ನೊಂದು ಪ್ರಶ್ನೆ ಎಂದು ಬಿಡಿಸಿ ಇಟ್ಟಿದ್ದರು. ಬಹಳ ಜಾಣತನದ ಕೆಲಸ, ಆದರೆ ಮುಖ್ಯ ಬ್ರೌಸರುಗಳು ಅದನ್ನು ಮೈಗೂಡಿಸಿಕೊಳ್ಳಲೇ ಇಲ್ಲ. 2014ರಲ್ಲಿ ಅಂಗೀಕಾರವಾದ ಎಚ್‌ಟಿಎಂಎಲ್ 5ರಲ್ಲಿ ನಕ್ಷತ್ರ ಬ್ರೌಸರಿನ ಒಳಗೇ ಸೇರಿತು, ಒಂದು ಪದ ಬರೆದರೆ ಸಾಕು. ಮರೆಮಾಡಿದ ಪೆಟ್ಟಿಗೆಯ ಹಟ ಮಾತ್ರ ಅಲ್ಲೂ ಹೋಗಲಿಲ್ಲ. 2016ರ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ನಮ್ಮ ಹಳೆಯ ವೆಬ್ ಫಾರ್ಮ್ಸಿಗೆ ಜಾಗವಿರಲಿಲ್ಲ. ಕಂಟ್ರೋಲ್ ಹೋಗಿ ‘ಕಾಂಪೊನೆಂಟ್’ ಬಂತು. ಹೆಸರು ಬದಲಾಯಿತು, ಕಾಯಿಲೆ ಅದೇ.

ಅಷ್ಟಾದರೂ ಅಚ್ಚಿನ ಉಪಕಾರ ಮರೆಯಬಾರದು. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು. ಒಂದೇ ದಿನದಲ್ಲಿ ಹೈದರಾಬಾದು, ವರಂಗಲ್ಲು ಎಲ್ಲ ಬೇರೆ ರಾಜ್ಯ. ರಾಜ್ಯಗಳ ಪಟ್ಟಿಯನ್ನು ಒಂದು ಅಚ್ಚಿನಲ್ಲಿಟ್ಟವರು ಒಂದು ಕಡೆ ತಿದ್ದಿದರು, ನಕಲು ಮಾಡಿಟ್ಟವರು ಪುಟ ಪುಟ ಹುಡುಕಿದರು. ಅದೇ ವರ್ಷ ನವೆಂಬರ್ 1ಕ್ಕೆ ಬ್ಯಾಂಗಲೂರು ಅಧಿಕೃತವಾಗಿ ಬೆಂಗಳೂರಾಯಿತು, ಮೈಸೂರು, ಬೆಳಗಾವಿ, ಕಲಬುರಗಿಗಳ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. 2022ರ ಏಪ್ರಿಲ್ 4ರಂದು ಆಂಧ್ರದ 13 ಜಿಲ್ಲೆಗಳು 26 ಆದವು. ವಿಜಯವಾಡ ಕೃಷ್ಣಾ ಜಿಲ್ಲೆಯಿಂದ ಎನ್‌ಟಿಆರ್ ಜಿಲ್ಲೆಗೆ ಹೋಯಿತು, ನಮ್ಮ ವಿಶಾಖಪಟ್ಟಣ ಜಿಲ್ಲೆಯಿಂದ ಅನಕಾಪಲ್ಲಿ ಮತ್ತು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗಳು ಬೇರೆಯಾದವು. ‘ನಿಮ್ಮ ಜಿಲ್ಲೆ’ ಎಂಬ ಪೆಟ್ಟಿಗೆ ಎಷ್ಟು ದೊಡ್ಡ ರಾಜಕೀಯ ಹೊತ್ತಿರುತ್ತದೆ ನೋಡಿ.

ಪಿನ್ ಕೋಡಿನದು ಇನ್ನೊಂದು ಪುರಾಣ. 1972ರ ಆಗಸ್ಟ್ 15ರಂದು ಶುರುವಾದ ಆರು ಅಂಕಿಯ ಈ ವ್ಯವಸ್ಥೆಯಲ್ಲಿ ಮೊದಲ ಅಂಕಿ 5 ಇದ್ದರೆ ಕರ್ನಾಟಕ, ಆಂಧ್ರ ಅಥವಾ ತೆಲಂಗಾಣ. ಬೆಂಗಳೂರು 560, ವಿಶಾಖಪಟ್ಟಣ 530, ವಿಜಯವಾಡ 520. ಹಾಗಾಗಿ ‘ರಾಜ್ಯ ಕರ್ನಾಟಕವಾದರೆ ಪಿನ್ 5ರಿಂದ ಶುರುವಾಗಲಿ’ ಎಂಬ ಷರತ್ತು ಬರೆಯುವುದು ಸುಲಭ, ಚೆಂದವೂ ಹೌದು. ಆಮೇಲೆ ಕೊಡಗಿನ ಯೋಧನೊಬ್ಬ ತನ್ನ ಸೇನಾ ಅಂಚೆಯ ವಿಳಾಸ ಕೊಡುತ್ತಾನೆ; ಸೇನೆಯ ಪಿನ್ನು 9ರಿಂದ ಶುರುವಾಗುತ್ತದೆ. ಇನ್ನು ವೈಜಾಗಿನಿಂದ ವಿಜಯವಾಡದ ಕಡೆ ಹೊರಟರೆ ಕಾಕಿನಾಡದ ಹತ್ತಿರ ಗೋದಾವರಿ ಕವಲಿನ ದಂಡೆಗೆ ಯಾನಂ ಸಿಗುತ್ತದೆ. ಸುತ್ತ ಆಂಧ್ರ, ಮಾತು ತೆಲುಗು, ಆದರೆ ಆಡಳಿತ ಪುದುಚೇರಿಯದು, ಫ್ರೆಂಚರ ಕಾಲದ ಬಳುವಳಿ. ಅದರ ಪಿನ್ 533464. ‘ಪುದುಚೇರಿಯಾದರೆ 6ರಿಂದ ಶುರು’ ಎಂಬ ಷರತ್ತು ಹಾಕಿದವನು ಒಂದಿಡೀ ಊರನ್ನು ಹೊರಗೆ ನಿಲ್ಲಿಸಿದ ಹಾಗಾಯಿತು. ದುಬೈನಲ್ಲಿರುವ ನಮ್ಮ ಕನ್ನಡಿಗರ ಪಾಡು ಇನ್ನೂ ತಮಾಷೆ. ಆ ದೇಶದಲ್ಲಿ ನಮ್ಮಂಥ ಪಿನ್ ಕೋಡ್ ವ್ಯವಸ್ಥೆಯೇ ಇಲ್ಲ. ಹಾಗಾಗಿ ಹಟಮಾರಿ ಅರ್ಜಿ ಕಂಡಾಗಲೆಲ್ಲ ಸೊನ್ನೆ ಮೇಲೆ ಸೊನ್ನೆ ಒತ್ತುತ್ತಾರೆ!

ಜಮೀನಿನ ಲೆಕ್ಕಕ್ಕೆ ಬನ್ನಿ. ಕರ್ನಾಟಕದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹಿಂದಿದ್ದರು. ಆಗ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಆಂಧ್ರದಲ್ಲಿ ಅದಕ್ಕೂ ಮೊದಲು, 1998ರಲ್ಲೇ, ನೋಂದಣಿ ಕಚೇರಿಗಳಿಗೆ ‘ಕಾರ್ಡ್’ ಎಂಬ ಯೋಜನೆ ಬಂದಿತ್ತು. ಭೂಮಿಯಲ್ಲಿ ಖಾತೆ ಬದಲಾವಣೆಗೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನು ಯಂತ್ರಕ್ಕೇ ಕಲಿಸಿದರು, ಸಾಲು ಮುರಿಯಲು ಆಗದ ಹಾಗೆ. ತಕರಾರು ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ. ಇದು ನಕ್ಷತ್ರದ ಒಳ್ಳೆಯ ಮುಖ. ಗುಮಾಸ್ತನ ಕುರ್ಚಿಯಿಂದ ಲಂಚ ಎಬ್ಬಿಸಲು ಹೊರಟ ನಿಯಮ ಅದು.

ಈಗ ಕಲ್ಪಿಸಿಕೊಳ್ಳಿ, ಜಮೀನಿನ ವಿಸ್ತೀರ್ಣಕ್ಕೆ ಒಬ್ಬ ಒಂದು ಅಚ್ಚು ಮಾಡುತ್ತಾನೆ. ನಮ್ಮ ಘಟ್ಟದ ಮೇಲೆ ಎಕರೆಗೆ 40 ಗುಂಟೆ. ಹಾಗಾಗಿ ಎರಡನೆಯ ಪೆಟ್ಟಿಗೆಯಲ್ಲಿ 39ಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಅದೇ ಅಚ್ಚನ್ನು ಮಂಗಳೂರಿಗೋ ಕಾಸರಗೋಡಿಗೋ ಒಯ್ದರೆ ಅಲ್ಲಿ ಲೆಕ್ಕ ಸೆಂಟ್ಸಿನಲ್ಲಿ, ಎಕರೆಗೆ 100. ಇಲ್ಲಿ ಮಧುರವಾಡದಲ್ಲೂ ಸೆಂಟ್ಸೇ. ಹೊಲ ಅದೇ ನೆಲವಾದರೂ 75 ಸೆಂಟ್ಸ್ ಇದ್ದವನಿಗೆ ‘ತಪ್ಪು ಸಂಖ್ಯೆ’ ಅಂತ ಹೇಳಿಬಿಡುತ್ತದೆ. ಅಚ್ಚು ಮಾಡಿದವನ ಲೆಕ್ಕ ಅವನ ಊರಿಗೆ ಸರಿಯೇ. ಅಚ್ಚು ಊರು ಬಿಟ್ಟು ಹೊರಟಾಗ ಮಾತ್ರ ‘ಇಲ್ಲಿ ಯಾವ ಅಳತೆ?’ ಅಂತ ಕೇಳುವುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದ ನಕ್ಷತ್ರ ಸರ್‌ನೇಮಿನದು. ಮೂವರು ದೊಡ್ಡವರ ಹೆಸರು ತೆಗೆದುಕೊಳ್ಳೋಣ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲನೆಯದು ಊರು, ಎರಡನೆಯದು ಅಪ್ಪ, ಮೂರನೆಯದು ತಾವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ಮೊದಲು ತಾವು, ನಡುವೆ ಅಪ್ಪ, ಕೊನೆಗೆ ಮನೆತನ. 1910ರಲ್ಲಿ ಇದೇ ವಿಶಾಖಪಟ್ಟಣದಲ್ಲಿ ಹುಟ್ಟಿದ ತೆಲುಗಿನ ಮಹಾಕವಿ ಶ್ರೀಶ್ರೀ, ಅಂದರೆ ಶ್ರೀರಂಗಂ ಶ್ರೀನಿವಾಸರಾವು: ಇಲ್ಲಿ ಮನೆತನ ಮೊದಲು, ಅದನ್ನು ತೆಲುಗರು ‘ಇಂಟಿ ಪೇರು’ ಅನ್ನುತ್ತಾರೆ. ‘ಕೊನೆಯ ಹೆಸರು, ಕಡ್ಡಾಯ’ ಎಂದು ಒಂದೇ ಅಚ್ಚಿನ ಅರ್ಜಿ ಕೊಟ್ಟರೆ ಬೇಂದ್ರೆಯವರು ಪಾಸು. ಕುವೆಂಪು ಮನೆತನದ ಜಾಗದಲ್ಲಿ ತಮ್ಮನ್ನೇ ಬರೆಯಬೇಕು. ಶ್ರೀಶ್ರೀ ತಲೆಕೆಳಗಾಗಿ ನಿಲ್ಲಬೇಕು. ಒಂದೇ ಸೀಮೆಯ ಮೂವರು ಕವಿಗಳಿಗೇ ಒಗ್ಗದ ನಿಯಮ ಇಡೀ ದೇಶಕ್ಕೆ ಒಗ್ಗೀತೆ?

ಇದನ್ನು ನಗುವ ವಿಷಯ ಅಂದುಕೊಳ್ಳಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಎಷ್ಟೋ ದಕ್ಷಿಣದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಅಚ್ಚಾಗುತ್ತದೆ, ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಅದರ ಅರ್ಥ. ಅಪ್ಪ ಅಮ್ಮ ನಾಮಕರಣ ಮಾಡಿ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರು ಗೊತ್ತಿಲ್ಲವಂತೆ! 2022ರ ನವೆಂಬರಿನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಇಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ನಡೆದೀತು ಅಂತ ಸಡಿಲಿಸಿತು. ನೋಡಿ, ಅದೇ ‘ಇದ್ದರೆ’. ಆ ಪುಟ್ಟ ಷರತ್ತು ಬರುವವರೆಗೆ ಟಿಕೆಟ್ ಕೊಂಡವರ ಗತಿ ಏನಾಗಿರಬೇಕು?

ಅಪ್ಪನ ಹೆಸರಿನ ನಕ್ಷತ್ರದ ಕಥೆ ಕೋರ್ಟಿಗೇ ಹೋಯಿತು. ಮಗಳನ್ನು ಒಬ್ಬಳೇ ಬೆಳೆಸಿದ ತಾಯಿಯೊಬ್ಬರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. ಮಗಳ ಪಾಸ್‌ಪೋರ್ಟು 2005ರಲ್ಲೂ 2011ರಲ್ಲೂ ಅಪ್ಪನ ಹೆಸರಿಲ್ಲದೆಯೇ ಬಂದಿತ್ತು. ಮುಂದಿನ ಸಲ ಮಾತ್ರ ಅಪ್ಪನ ಹೆಸರಿಲ್ಲದೆ ಆಗುವುದಿಲ್ಲ ಎಂಬ ಉತ್ತರ ಬಂತು. 2016ರ ಮೇ ತಿಂಗಳ ತೀರ್ಪಿನಲ್ಲಿ ನ್ಯಾಯಾಲಯ, ಕಾನೂನಿನಲ್ಲಿ ಇಲ್ಲದ ಕಡ್ಡಾಯವನ್ನು ಹೇರುವ ಹಾಗಿಲ್ಲ, ಸಾಫ್ಟ್‌ವೇರನ್ನೇ ಬದಲಾಯಿಸಿ ಅರ್ಜಿ ತೆಗೆದುಕೊಳ್ಳಿ ಎಂದಿತು. ಈ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸಂಸತ್ತು ಮಾಡದ ಕಾನೂನನ್ನು ಒಂದು ಪೆಟ್ಟಿಗೆ ಮಾಡಿಬಿಟ್ಟಿತ್ತು! ಪ್ರಾಯಶಃ ಯಾರೋ ನನ್ನಂಥವನು, ಯಾವುದೋ ಮಧ್ಯಾಹ್ನ, ಅಚ್ಚಿನಲ್ಲಿ ಒಂದು ನಕ್ಷತ್ರ ಹಾಗೇ ಬಿಟ್ಟಿದ್ದಿರಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿತು. ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಹೆಸರು ಸಾಕು. ಸಾಧು ಸನ್ಯಾಸಿಗಳು ತಕ್ಕ ದಾಖಲೆಯಿದ್ದರೆ ತಂದೆತಾಯಿಯ ಜಾಗದಲ್ಲಿ ಗುರುವಿನ ಹೆಸರು ಬರೆಯಬಹುದು. ಪ್ಯಾನ್ ಕಾರ್ಡಿನವರು 2018ರ ಡಿಸೆಂಬರ್ 5ರಿಂದ, ತಾಯಿ ಒಂಟಿ ಪೋಷಕಿಯಾಗಿದ್ದಲ್ಲಿ ಅಪ್ಪನ ಹೆಸರು ಕಡ್ಡಾಯವಲ್ಲ ಎಂದರು. ಪ್ರೋಗ್ರಾಮರ್ ಕಣ್ಣಿಗೆ ಇವು ಎರಡು ಸಾಲಿನ ಷರತ್ತುಗಳು. ಆ ಎರಡು ಸಾಲಿಗೆ ಕಾದವರಿಗೆ ಅವು ಎಷ್ಟೋ ವರ್ಷಗಳ ಅವಮಾನದ ಕೊನೆ.

ಒಂದು ಸೇವಾ ಕೇಂದ್ರದ ಸಾಲಿನಲ್ಲಿ ನಿಂತಿದ್ದಾಗ ಕಂಡದ್ದು ಹೇಳುತ್ತೇನೆ, ಯಾವುದು ಅಂತ ಬೇಡ. ಮುಂದೆ ನಿಂತ ಹೆಂಗಸಿಗೆ ಗಂಡನ ಹೆಸರು ಕೇಳಿದರು. ಆಕೆ ಇಲ್ಲ ಅಂದರು. ಸತ್ತಿದ್ದಾರಾ, ಬಿಟ್ಟಿದ್ದಾರಾ ಅಂತ ಮರುಪ್ರಶ್ನೆ, ಎಲ್ಲರ ಎದುರಿಗೆ. ಆಕೆ ತಲೆ ತಗ್ಗಿಸಿದರು. ಆಪರೇಟರ್ ಕೆಟ್ಟ ಹುಡುಗನೇನಲ್ಲ, ಅವನ ಪರದೆ ಮುಂದೆ ಹೋಗುತ್ತಿಲ್ಲ ಅಷ್ಟೆ. ಕೊನೆಗೆ ಆ ಪೆಟ್ಟಿಗೆಯಲ್ಲಿ ಒಂದು ಚುಕ್ಕಿ ಒತ್ತಿ ಮುಂದೆ ಹೋದ. ಪೆಟ್ಟಿಗೆ ಖಾಲಿಯಿಲ್ಲ, ಯಂತ್ರಕ್ಕೆ ಸಮಾಧಾನ! ತಪ್ಪು ಮಾಹಿತಿ ಬರಬಾರದು ಅಂತ ಇಟ್ಟ ನಿಯಮವೇ ಅಲ್ಲಿ ತಪ್ಪು ಮಾಹಿತಿ ಹುಟ್ಟಿಸಿತು. ಹಳೆಯ ದತ್ತಾಂಶ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಇಂಥ ಚುಕ್ಕಿ, ಅಡ್ಡಗೆರೆ, ‘ಎನ್‌ಎ’, ‘ಎಕ್ಸ್‌ಎಕ್ಸ್‌ಎಕ್ಸ್’ಗಳನ್ನು ನಾನು ಕಂತೆಗಟ್ಟಲೆ ನೋಡಿದ್ದೇನೆ. ಈಗ ಪ್ರತಿ ಚುಕ್ಕಿಯ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸುತ್ತದೆ.

ಹಾಗಾದರೆ ಸರಿಯಾಗಿ ಮಾಡಿದವರು ಯಾರೂ ಇಲ್ಲವೆ? ಇದ್ದಾರೆ. 2010ರಲ್ಲಿ ಶುರುವಾದ ಆಧಾರ್ ಬಗ್ಗೆ ನೂರು ತಕರಾರುಗಳಿರಬಹುದು, ಆದರೆ ಹೆಸರಿಗೆ ಅದು ಇಟ್ಟದ್ದು ಒಂದೇ ಪೆಟ್ಟಿಗೆ. ಕುವೆಂಪು, ಬೇಂದ್ರೆ, ಶ್ರೀಶ್ರೀ ಮೂವರೂ ತಮ್ಮ ಇಷ್ಟದಂತೆ ಬರೆಯಬಹುದಾದ ಪೆಟ್ಟಿಗೆ. ಸಂಬಂಧಿಕರ ವಿವರದಲ್ಲೂ ಷರತ್ತು ಇಟ್ಟರು: ದೊಡ್ಡವರು ಕೊಡದೆ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗಾದರೆ ತಂದೆ ಅಥವಾ ತಾಯಿಯ ವಿವರ ಬೇಕೇ ಬೇಕು. ಬಿಗಿ ಮಾಡಬೇಕಾದ ಕಡೆ ಬಿಗಿಯನ್ನೂ ಮಾಡಿದರು. ಆ 12 ಅಂಕಿಗಳಲ್ಲಿ ಕೊನೆಯದು ವರ್‌ಹೂಫ್ ಎಂಬ ಡಚ್ ಗಣಿತಜ್ಞನ 1969ರ ಲೆಕ್ಕದಿಂದ ಬರುವ ತಾಳೆಯ ಅಂಕಿ; ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ್ದು ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಸಂಖ್ಯೆಯ ವಿಷಯದಲ್ಲಿ ಕಟ್ಟುನಿಟ್ಟು, ಮನುಷ್ಯನ ವಿಷಯದಲ್ಲಿ ಸಡಿಲ. ಇದು ಸರಿಯಾದ ಹದ ಅಂತ ನನ್ನ ಲೆಕ್ಕ.

ಇಷ್ಟು ವರ್ಷದ ಈ ಕಸುಬಿನಲ್ಲಿ ನಮ್ಮ ತಂಡಕ್ಕೆ ಸೇರುವ ಹೊಸ ಹುಡುಗ ಹುಡುಗಿಯರಿಗೆ ನಾನು ಹೇಳುವುದು ನಾಲ್ಕೇ ಮಾತು. ಕಾಣಿಸುವುದನ್ನೂ ಕಡ್ಡಾಯವನ್ನೂ ಬೇರೆ ಬೇರೆ ಇಡಿ, ಆದರೆ ಕಾಣದ್ದನ್ನು ಎಂದೂ ಕಡ್ಡಾಯ ಮಾಡಬೇಡಿ. ಷರತ್ತನ್ನು ಅಚ್ಚಿನೊಳಗೆ ಕೊರೆಯಬೇಡಿ, ಅಚ್ಚನ್ನು ಬಳಸುವ ಪುಟ ಹೇಳಲಿ. ಬ್ರೌಸರಿನಲ್ಲಿ ನೋಡಿದ್ದನ್ನು ಸರ್ವರಿನಲ್ಲಿ ಮತ್ತೆ ನೋಡಿ, ಅದೂ ಅದೇ ಷರತ್ತಿನ ಪ್ರಕಾರ. ಕೊನೆಯದು, ನಕ್ಷತ್ರ ಇಡುವ ಮೊದಲು ‘ಇದು ಇಲ್ಲದವರು ಯಾರಾದರೂ ಇದ್ದಾರೆಯೆ?’ ಅಂತ ಒಮ್ಮೆ ಕೇಳಿಕೊಳ್ಳಿ; ಇದ್ದರೆ ‘ನನಗೆ ಅನ್ವಯಿಸುವುದಿಲ್ಲ’ ಅಂತ ಹೇಳಲು, ಕಾರಣ ಕೊಡಬೇಕಿಲ್ಲದ ಒಂದು ಬಾಗಿಲು ಇಡಿ. ಮೊದಲ ಮೂರನ್ನು ಅವರು ಯಾವ ಪುಸ್ತಕದಿಂದಲಾದರೂ ಕಲಿಯಬಹುದು. ನಾಲ್ಕನೆಯದು ಬೇಗ ಬರುವುದು ಪರ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ, ಬೇರೆ ರಾಜ್ಯದ ರೇಷನ್ ಕಾರ್ಡು ಹಿಡಿದು ಅಲೆದವರಿಗೆ, ತಮ್ಮ ಹೆಸರನ್ನು ಮೂರು ತುಂಡು ಮಾಡಿಕೊಂಡವರಿಗೆ.

ಹೊರನಾಡಿನಲ್ಲಿರುವ ನಿಮಗೂ ಇಂಥ ನಕ್ಷತ್ರಗಳು ಸಿಕ್ಕಿರುತ್ತವೆ. ಮುಂದಿನ ಸಲ ಒಂದು ಪುಟ ನಿಮ್ಮನ್ನು ತಡೆದು ನಿಲ್ಲಿಸಿದಾಗ ‘ನನ್ನಲ್ಲೇ ಏನೋ ಕೊರತೆ’ ಅಂದುಕೊಳ್ಳಬೇಡಿ. ಆ ಪೆಟ್ಟಿಗೆಗೆ ಬರಬೇಕಾದ ಒಂದು ‘ಆದರೆ’ಯನ್ನು ಯಾರೋ ಬರೆಯದೆ ಬಿಟ್ಟಿದ್ದಾರೆ. ಸುಮ್ಮನೆ ಚುಕ್ಕಿ ಒತ್ತಿ ಮುಂದೆ ಹೋಗುವ ಬದಲು, ಸಾಧ್ಯವಾದರೆ ಅವರಿಗೆ ಎರಡು ಸಾಲು ಬರೆದು ತಿಳಿಸಿ. ನಮ್ಮ ಗುಡ್ಡದ ಮೇಲಿನ ಆಫೀಸುಗಳಲ್ಲಿ ಅಂಥ ಪತ್ರ ಓದುವವರು ಇನ್ನೂ ಇದ್ದೇವೆ.